ಆರೋಗ್ಯವಂತ ನವಜಾತ ಶಿಶುವಿನ ಹೃದಯದ ಎಕೋ ಪರೀಕ್ಷೆ: ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಶ್ರವಣಾತೀತ ಶಬ್ದ ತರಂಗಗಳ ಸಹಾಯದಿಂದ ಹೃದಯದ ರಚನೆ ಹಾಗೂ ಕಾರ್ಯವನ್ನು ಪರಿಶೀಲಿಸುವ ವಿಧಾನಕ್ಕೆ ಎಕೋಕಾರ್ಡಿಯೋಗ್ರಫಿ ಎಂದು ಹೆಸರು. ರೂಢಿಯಲ್ಲಿ ಇದನ್ನು ಎಕೋ ಪರೀಕ್ಷೆ ಅಥವಾ ಹಾರ್ಟ್ ಸ್ಕ್ಯಾನಿಂಗ್ ಎನ್ನಲಾಗುತ್ತದೆ. ನವಜಾತ ಶಿಶುಗಳಲ್ಲಿ ಈ ಪರೀಕ್ಷೆ ಯಾರಿಗೆ ಅಗತ್ಯ, ವರದಿಯಲ್ಲಿ ಬರೆಯುವ ಪದಗಳ ಅರ್ಥವೇನು, ಸರ್ಕಾರಿ ಸೇವೆಯನ್ನು ಪಡೆಯಲು ಏನು ಮಾಡಬೇಕು ಎಂಬ ಬಗ್ಗೆ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ. ಇಲ್ಲಿನ ವಿವರಣೆಯು 37 ವಾರ ತುಂಬಿ ಜನಿಸಿದ ಶಿಶುಗಳಿಗೆ ಸಂಬಂಧಿಸಿದ್ದು, ಅವಧಿಗೆ ಮುನ್ನ ಜನಿಸಿದ ಶಿಶುಗಳ ಲೆಕ್ಕಾಚಾರ ಬೇರೆಯಾಗಿರುತ್ತದೆ.

ಪೋಷಕರು ಮೊದಲಿಗೆ ಗಮನಿಸಬೇಕಾದ ಅಂಶವೆಂದರೆ, ಜನನದ ನಂತರದ ಮೊದಲ ಎರಡು ಮೂರು ದಿನಗಳಲ್ಲಿ ಶಿಶುವಿನ ಹೃದಯವು ಬದಲಾವಣೆಯ ಹಂತದಲ್ಲಿರುತ್ತದೆ. ಈ ಅವಧಿಯಲ್ಲಿ ಮಾಡಿದ ಎಕೋ ವರದಿಯಲ್ಲಿ ‘ಕಿಂಡಿ ಇದೆ’ ಎಂದಿದ್ದ ಮಾತ್ರಕ್ಕೆ ಅದು ಕಾಯಿಲೆಯಾಗಬೇಕಿಲ್ಲ. ಹಾಗೆಯೇ ‘ಎಲ್ಲವೂ ಸರಿಯಿದೆ’ ಎಂದಿದ್ದರೂ ಮುಂದಿನ ವಾರಗಳಲ್ಲಿ ಎಚ್ಚರ ತಪ್ಪುವಂತಿಲ್ಲ.

ಜನನದ ನಂತರ ಹೃದಯದಲ್ಲಿ ಆಗುವ ಬದಲಾವಣೆ

ತಾಯಿಯ ಗರ್ಭದಲ್ಲಿರುವಾಗ ಶಿಶುವು ತನ್ನ ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕವು ಹೊಕ್ಕುಳ ಬಳ್ಳಿಯ ಮೂಲಕ ತಾಯಿಯಿಂದ ದೊರೆಯುತ್ತದೆ. ಆದುದರಿಂದ ಹೆಚ್ಚಿನ ರಕ್ತವು ಶ್ವಾಸಕೋಶಕ್ಕೆ ಹೋಗದೆ ಎರಡು ಅಡ್ಡದಾರಿಗಳಲ್ಲಿ ಹರಿಯುತ್ತದೆ. ಮೊದಲನೆಯದು ಬಲ ಮತ್ತು ಎಡ ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿರುವ ಫೋರಾಮೆನ್ ಓವೇಲ್ ಎಂಬ ಕಿಂಡಿ. ಎರಡನೆಯದು ಶ್ವಾಸಕೋಶದ ಅಪಧಮನಿಯನ್ನು ಮಹಾಪಧಮನಿಗೆ ಜೋಡಿಸುವ ಡಕ್ಟಸ್ ಆರ್ಟೀರಿಯೋಸಸ್ ಎಂಬ ಚಿಕ್ಕ ನಾಳ.

ಕೂಸು ಹುಟ್ಟಿ ಮೊದಲ ಬಾರಿಗೆ ಅತ್ತ ಕೂಡಲೇ ಶ್ವಾಸಕೋಶಗಳು ಹಿಗ್ಗುತ್ತವೆ, ಅಲ್ಲಿಯ ರಕ್ತನಾಳಗಳು ಸಡಿಲಗೊಳ್ಳುತ್ತವೆ, ಬಲಭಾಗದ ಒತ್ತಡ ಇಳಿಯತೊಡಗುತ್ತದೆ. ಎಡಭಾಗದ ಒತ್ತಡ ಹೆಚ್ಚಿ ಕಿಂಡಿಯ ಮೇಲಿನ ಪದರವು ಬಾಗಿಲಿನಂತೆ ಒತ್ತಿಕೊಳ್ಳುತ್ತದೆ. ನಾಳವು ರಕ್ತದಲ್ಲಿ ಆಮ್ಲಜನಕ ಹೆಚ್ಚಿದಂತೆ ಸಂಕುಚಿತಗೊಂಡು, ದಿನ ತುಂಬಿದ ಹೆಚ್ಚಿನ ಶಿಶುಗಳಲ್ಲಿ 48 ರಿಂದ 72 ಗಂಟೆಗಳೊಳಗೆ ರಕ್ತ ಹರಿಯದಷ್ಟು ಮುಚ್ಚಿಕೊಳ್ಳುತ್ತದೆ. ಅದು ಪೂರ್ಣವಾಗಿ ಒಣಗಿ ಎಳೆಯಂತಾಗಲು ಎರಡು ಮೂರು ವಾರಗಳೇ ಬೇಕು. ಫೋರಾಮೆನ್ ಓವೇಲ್ ಬೆಸೆದುಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಸುಮಾರು ನಾಲ್ವರು ವಯಸ್ಕರಲ್ಲಿ ಒಬ್ಬರಿಗೆ ಅದು ಪೂರ್ತಿ ಬೆಸೆಯದೆ ಉಳಿದಿರುತ್ತದೆ. ಅವರಲ್ಲಿ ಬಹುತೇಕರಿಗೆ ಆ ವಿಷಯ ಜೀವನಪೂರ್ತಿ ತಿಳಿಯುವುದೂ ಇಲ್ಲ.

ಪರೀಕ್ಷೆಯನ್ನು ನಡೆಸುವ ವಿಧಾನ

ಶಬ್ದ ತರಂಗಗಳಿಂದ ಹೃದಯದ ಚಲನೆಯನ್ನು ದಾಖಲಿಸುವ ಕೆಲಸವು ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಪ್ರಾರಂಭವಾಯಿತು. ವೈದ್ಯ ಇಂಗೆ ಎಡ್ಲರ್ ಹಾಗೂ ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಅವರು 1953 ರಲ್ಲಿ ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಪತ್ತೆ ಹಚ್ಚಲು ಬಳಸುತ್ತಿದ್ದಂತಹ ಉಪಕರಣವನ್ನೇ ಮಾನವ ಹೃದಯದ ಮೇಲೆ ಪ್ರಯೋಗಿಸಿದರು. ಇಂದಿನ ಯಂತ್ರಗಳು ಹೃದಯದ ಚಿತ್ರವನ್ನು ಚಲಿಸುತ್ತಿರುವಂತೆಯೇ ತೋರಿಸುತ್ತವೆ. ಡಾಪ್ಲರ್ ಎಂಬ ವಿಧಾನದಿಂದ ರಕ್ತ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹರಿಯುತ್ತಿದೆ ಎಂಬುದೂ ಬಣ್ಣಗಳಲ್ಲಿ ಕಾಣುತ್ತದೆ. ತೆರೆಯ ಮೇಲಿನ ಕೆಂಪು ಮತ್ತು ನೀಲಿ ಬಣ್ಣಗಳು ರಕ್ತ ಹರಿಯುವ ದಿಕ್ಕನ್ನು ಮಾತ್ರ ಸೂಚಿಸುತ್ತವೆ. ನೀಲಿ ಬಣ್ಣ ಕಂಡರೆ ‘ಕೆಟ್ಟ ರಕ್ತ’ ಎಂದು ಭಾವಿಸಬಾರದು.

ಈ ಪರೀಕ್ಷೆಯಲ್ಲಿ ಕ್ಷ-ಕಿರಣ ಇರುವುದಿಲ್ಲ. ಸೂಜಿ ಚುಚ್ಚುವುದಿಲ್ಲ. ಶಿಶುವನ್ನು ಉಪವಾಸ ಇಡಬೇಕಾಗಿಲ್ಲ; ತದ್ವಿರುದ್ಧವಾಗಿ, ಎದೆಹಾಲು ಕುಡಿಸಿ ಮಲಗಿಸಿಕೊಂಡು ಬಂದರೆ ಪರೀಕ್ಷೆ ಸುಲಭವಾಗುತ್ತದೆ. ಅಳುವ ಕೂಸಿನ ಎದೆಬಡಿತ ಏರಿ ಅಳತೆಗಳು ವ್ಯತ್ಯಾಸವಾಗುತ್ತವೆ. ಎದೆಗೆ ಜೆಲ್ ಹಚ್ಚಿ, ಚಿಕ್ಕ ಪ್ರೋಬ್ ಇರಿಸಿ, ಸಾಮಾನ್ಯವಾಗಿ 20 ರಿಂದ 45 ನಿಮಿಷಗಳ ಕಾಲ ಪರೀಕ್ಷಿಸಲಾಗುತ್ತದೆ. ಎದೆಯನ್ನು ತೆರೆದಿಡುವುದರಿಂದ ಕೋಣೆ ಬೆಚ್ಚಗಿರಬೇಕು. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಇದು ಸಮಸ್ಯೆಯಲ್ಲವೆನಿಸಿದರೂ, ಹವಾನಿಯಂತ್ರಿತ ಸ್ಕ್ಯಾನಿಂಗ್ ಕೋಣೆಗೆ ಹೋಗುವಾಗ ಟೊಪ್ಪಿಗೆ, ಕಾಲುಚೀಲ ಮತ್ತು ಹೊದಿಕೆಯನ್ನು ತಪ್ಪದೆ ಒಯ್ಯತಕ್ಕದ್ದು.

ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬಳಸುವ ಪ್ರೋಬ್‌ನಿಂದ ಈ ಪರೀಕ್ಷೆ ಸಮರ್ಪಕವಾಗಿ ಆಗುವುದಿಲ್ಲ. ಶಿಶುಗಳಿಗೆಂದೇ ಇರುವ, ಹೆಚ್ಚಿನ ಕಂಪನಾಂಕದ ಪ್ರೋಬ್ ಹಾಗೂ ಶಿಶು ಹೃದಯದ ಎಕೋದಲ್ಲಿ ತರಬೇತಿ ಪಡೆದ ವೈದ್ಯರು ಬೇಕು. ಆದಕಾರಣ ಊರಿನಲ್ಲಿ ಸ್ಕ್ಯಾನಿಂಗ್ ಸೆಂಟರ್ ಇದೆ ಎಂದ ಮಾತ್ರಕ್ಕೆ ಅಲ್ಲಿ ನವಜಾತ ಶಿಶುವಿನ ಎಕೋ ಆಗುತ್ತದೆ ಎಂದು ತಿಳಿಯಬಾರದು.

ಹೃದಯದ ಕಾರ್ಯವನ್ನು ಅಳೆಯುವುದು ಹೇಗೆ

ಹೃದಯದ ಕಾರ್ಯವೆಂದರೆ ಅದು ಎಷ್ಟು ಚೆನ್ನಾಗಿ ಹಿಗ್ಗಿ ರಕ್ತ ತುಂಬಿಕೊಳ್ಳುತ್ತದೆ ಹಾಗೂ ಎಷ್ಟು ಚೆನ್ನಾಗಿ ಕುಗ್ಗಿ ಅದನ್ನು ಹೊರದೂಡುತ್ತದೆ ಎಂಬುದು. ವರದಿಯಲ್ಲಿ ಸಾಮಾನ್ಯವಾಗಿ ಕಾಣುವ ಎಫ್.ಎಸ್. ಎಂಬ ಅಂಕಿಯ ಲೆಕ್ಕ ಸರಳವಾಗಿದೆ. ಉದಾಹರಣೆಗೆ, ಎಡ ಹೃತ್ಕುಕ್ಷಿಯು ರಕ್ತ ತುಂಬಿಕೊಂಡಾಗ ಅದರ ಒಳ ಅಗಲ 18 ಮಿ.ಮೀ. ಹಾಗೂ ಕುಗ್ಗಿದಾಗ 12 ಮಿ.ಮೀ. ಇದ್ದರೆ, ವ್ಯತ್ಯಾಸ 6 ಮಿ.ಮೀ.; ಅದನ್ನು 18 ರಿಂದ ಭಾಗಿಸಿದರೆ ಶೇಕಡ 33. ಆರೋಗ್ಯವಂತ ನವಜಾತ ಶಿಶುವಿನಲ್ಲಿ ಇದು ಸುಮಾರು ಶೇಕಡ 25 ರಿಂದ 45 ರ ನಡುವೆ ಇರುತ್ತದೆ. ಇ.ಎಫ್. ಎಂಬುದು ಅಗಲದ ಬದಲು ರಕ್ತದ ಪ್ರಮಾಣದ ಲೆಕ್ಕವಾಗಿದ್ದು, ಅದು ಸಾಮಾನ್ಯವಾಗಿ ಶೇಕಡ 55 ಕ್ಕಿಂತ ಹೆಚ್ಚಿರುತ್ತದೆ. ಎಫ್.ಎಸ್. 33 ಎಂಬುದನ್ನು ಪರೀಕ್ಷೆಯ ಅಂಕಗಳಂತೆ ನೂರಕ್ಕೆ ಮೂವತ್ತಮೂರು ಎಂದು ಓದಿ ಗಾಬರಿಯಾಗುವ ಕುಟುಂಬಗಳಿಗೆ ಈ ವ್ಯತ್ಯಾಸವನ್ನು ತಿಳಿಸಿ ಹೇಳುವುದು ಅವಶ್ಯ.

ಇವಲ್ಲದೆ ಕವಾಟಗಳ ಮೂಲಕ ಹರಿಯುವ ರಕ್ತದ ವೇಗ, ಹೃದಯದ ಗೋಡೆಯ ದಪ್ಪ, ಶ್ವಾಸಕೋಶದ ರಕ್ತನಾಳಗಳ ಒತ್ತಡ, ನಾಳವು ತೆರೆದಿದೆಯೇ ಇತ್ಯಾದಿಗಳನ್ನು ನೋಡಲಾಗುತ್ತದೆ. ಶ್ವಾಸಕೋಶದ ಒತ್ತಡವು ಮೊದಲ ದಿನ ಹೆಚ್ಚಿದ್ದು ನಂತರ ಇಳಿಯುವುದು ಸಹಜ. ಒಂದೇ ಶಿಶುವಿಗೆ 6 ನೇ ಗಂಟೆಯಲ್ಲಿ ಮತ್ತು 3 ನೇ ದಿನದಲ್ಲಿ ಎಕೋ ಮಾಡಿದರೆ ಎರಡು ವರದಿಗಳು ಬೇರೆ ಬೇರೆಯಾಗಿಯೇ ಇರುತ್ತವೆ. ಆದ್ದರಿಂದ ವರದಿಯ ಮೇಲೆ ದಿನಾಂಕದ ಜೊತೆಗೆ, ಪರೀಕ್ಷೆಯ ವೇಳೆಗೆ ಶಿಶುವಿಗೆ ಎಷ್ಟು ಗಂಟೆ ವಯಸ್ಸಾಗಿತ್ತು ಎಂಬುದನ್ನು ಬರೆಯಿಸಿಕೊಳ್ಳಬೇಕು.

ವರದಿಯಲ್ಲಿ ಬರುವ ಪದಗಳು

‘ಪಿ.ಎಫ್.ಓ.’ ಎಂದರೆ ಮೇಲೆ ತಿಳಿಸಿದ ಫೋರಾಮೆನ್ ಓವೇಲ್ ಕಿಂಡಿ ಇನ್ನೂ ತೆರೆದಿದೆ ಎಂದರ್ಥ. ನವಜಾತ ಶಿಶುವಿನಲ್ಲಿ ಇದು ಸಹಜ ಸ್ಥಿತಿ. ಇದನ್ನೇ ‘ಕೂಸಿನ ಹೃದಯದಲ್ಲಿ ತೂತು ಇದೆ’ ಎಂದು ಮನೆಯಲ್ಲಿ ಹೇಳಿದಾಗ ಬಾಣಂತಿಯ ಮೇಲೆ ಆಗುವ ಪರಿಣಾಮವನ್ನು ಊಹಿಸಬಹುದು. ಗ್ರಹಣ ನೋಡಿದ್ದರಿಂದ ಹೀಗಾಯಿತೆಂದು ಆಕೆಯನ್ನು ದೂಷಿಸುವುದಕ್ಕೆ ಯಾವ ಆಧಾರವೂ ಇಲ್ಲ.

‘ಎ.ಎಸ್.ಡಿ.’ ಎಂದು ಬರೆದಿದ್ದರೆ ಅದೇ ಗೋಡೆಯಲ್ಲಿನ ನಿಜವಾದ ರಂಧ್ರ. ಮೊದಲ ದಿನಗಳಲ್ಲಿ ಚಿಕ್ಕ ಎ.ಎಸ್.ಡಿ. ಹಾಗೂ ಪಿ.ಎಫ್.ಓ. ನಡುವೆ ವ್ಯತ್ಯಾಸ ಗುರುತಿಸುವುದು ಪರಿಣತರಿಗೂ ಕಷ್ಟ. ಅಳತೆ ಮುಖ್ಯ. 3 ಮಿ.ಮೀ. ಗಿಂತ ಚಿಕ್ಕದಾದುದು ಬಹುಪಾಲು ಒಂದೂವರೆ ವರ್ಷದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. 8 ಮಿ.ಮೀ. ಮೀರಿದುದು ತಾನಾಗಿ ಮುಚ್ಚುವುದು ಅಪರೂಪ. ಅದಕ್ಕೆ ತಜ್ಞರ ನಿಗಾ ಬೇಕು.

‘ಪಿ.ಡಿ.ಎ.’ ಎಂದರೆ ನಾಳ ಮುಚ್ಚಿಲ್ಲ ಎಂದರ್ಥ. ಮೊದಲ ಮೂರು ದಿನಗಳ ವರದಿಯಲ್ಲಿ ಚಿಕ್ಕ ಪಿ.ಡಿ.ಎ. ಕಂಡರೆ ಪುನರ್ ಪರೀಕ್ಷೆಗೆ ದಿನಾಂಕ ಪಡೆದರೆ ಸಾಕು. ಮೂರು ತಿಂಗಳ ಮಗುವಿನಲ್ಲಿ ಅದೇ ಪದ ಕಂಡರೆ ಅರ್ಥ ಬೇರೆ. ‘ವಿ.ಎಸ್.ಡಿ.’ ಎಂಬುದು ಕೆಳಗಿನ ಎರಡು ಕೋಣೆಗಳ ನಡುವಿನ ರಂಧ್ರ. ಸ್ನಾಯು ಭಾಗದಲ್ಲಿರುವ ಚಿಕ್ಕ ವಿ.ಎಸ್.ಡಿ.ಗಳಲ್ಲಿ ಹೆಚ್ಚಿನವು ಮೊದಲ ಒಂದೆರಡು ವರ್ಷಗಳಲ್ಲಿ ಮುಚ್ಚುತ್ತವೆ. ಆದರೆ ದೊಡ್ಡದಾಗಿದ್ದರೆ ಮೊದಲ ವಾರ ಆರಾಮವಾಗಿದ್ದ ಕೂಸು, ಶ್ವಾಸಕೋಶದ ಒತ್ತಡ ಇಳಿದಂತೆ, ಒಂದು ತಿಂಗಳ ಹೊತ್ತಿಗೆ ಹಾಲು ಕುಡಿಯಲಾರದೆ ಏದುಸಿರು ಬಿಡಬಹುದು. ‘ಟ್ರಿವಿಯಲ್ ಟಿ.ಆರ್.’ ಎಂಬುದು ಕವಾಟದಿಂದ ಅತ್ಯಲ್ಪ ರಕ್ತ ಹಿಂದಕ್ಕೆ ಬರುವುದು, ಆರೋಗ್ಯವಂತರಲ್ಲೂ ಕಾಣುತ್ತದೆ.

ಎಲ್ಲಾ ಶಿಶುಗಳಿಗೂ ಎಕೋ ಅಗತ್ಯವೇ?

ಅಗತ್ಯವಿಲ್ಲ. ಇದಕ್ಕೆ ಭಾರತದಲ್ಲಿಯೇ ನಡೆದ ಒಂದು ಅಧ್ಯಯನದ ಅಂಕಿ ಅಂಶಗಳನ್ನು ಗಮನಿಸಬಹುದು. ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ತಜ್ಞರು ಉತ್ತರ ಭಾರತದಲ್ಲಿ ನಡೆಸಿ 2016 ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ 20,307 ನವಜಾತ ಶಿಶುಗಳನ್ನು ತಪಾಸಣೆಗೆ ಒಳಪಡಿಸಲಾಯಿತು. 874 ಶಿಶುಗಳ ಎಕೋದಲ್ಲಿ ಏನಾದರೊಂದು ವ್ಯತ್ಯಾಸ ಕಂಡುಬಂದಿತು. ಅವುಗಳಲ್ಲಿ 687 ಮಹತ್ವವಲ್ಲದ ದೋಷಗಳು; ಗಣನೀಯ ಹೃದಯ ದೋಷವಿದ್ದದ್ದು 164 ಶಿಶುಗಳಿಗೆ, ಅಂದರೆ ಸಾವಿರ ಜನನಗಳಿಗೆ ಸುಮಾರು 8. ನಿಜವಾಗಿ ಗಮನ ಬೇಕಾದ ಪ್ರತಿ ಒಂದು ಶಿಶುವಿಗೆ ಪ್ರತಿಯಾಗಿ ನಾಲ್ಕು ಕುಟುಂಬಗಳು, ಮಹತ್ವವಿಲ್ಲದ ಕಾರಣಕ್ಕೆ, ಚಿಂತೆಗೆ ಈಡಾಗುವ ಸಂಭವವಿದೆ ಎಂಬುದು ಇದರಿಂದ ತಿಳಿಯುತ್ತದೆ. ಸಿಂಧನೂರು ಅಥವಾ ಮಸ್ಕಿಯಿಂದ ರಾಯಚೂರಿಗೆ ಸುಮಾರು 80 ರಿಂದ 90 ಕಿ.ಮೀ. ದೂರ. ಹಸಿ ಬಾಣಂತಿ ಮತ್ತು ಮೂರು ದಿನದ ಕೂಸು ಈ ದಾರಿಯನ್ನು ಕ್ರಮಿಸುವುದು, ಅದಕ್ಕಾಗಿ ವಾಹನ ಬಾಡಿಗೆ ಹಾಗೂ ದಿನಗೂಲಿ ಕಳೆದುಕೊಳ್ಳುವುದು ಅಗತ್ಯವಿದ್ದಾಗ ಮಾತ್ರ ಸರಿ.

ಎಲ್ಲಾ ಶಿಶುಗಳಿಗೂ ಆಗಬೇಕಾದುದು ವೈದ್ಯರ ತಪಾಸಣೆ ಹಾಗೂ ಪಲ್ಸ್ ಆಕ್ಸಿಮೀಟರ್ ಪರೀಕ್ಷೆ. ಜನನದ 24 ಗಂಟೆಗಳ ನಂತರ, ಶಿಶುವಿನ ಬಲಗೈ ಮತ್ತು ಒಂದು ಪಾದಕ್ಕೆ ಚಿಕ್ಕ ಪಟ್ಟಿ ಕಟ್ಟಿ ರಕ್ತದ ಆಮ್ಲಜನಕ ಪ್ರಮಾಣವನ್ನು ನೋಡಲಾಗುತ್ತದೆ. ಎರಡೂ ಕಡೆ ಶೇಕಡ 95 ಅಥವಾ ಹೆಚ್ಚಿದ್ದು, ನಡುವಿನ ವ್ಯತ್ಯಾಸ 3 ಮೀರದಿದ್ದರೆ ತೃಪ್ತಿಕರ. ಯಾವುದೇ ಒಂದು ಕಡೆ 90 ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಮುಂದಿನ ತಪಾಸಣೆ ಆಗಬೇಕು. ನಡುವಿನ ಅಂಕಿ ಬಂದರೆ ಒಂದು ಗಂಟೆಯ ನಂತರ ಪುನಃ ನೋಡಲಾಗುತ್ತದೆ. ಕೆಲವೇ ನಿಮಿಷಗಳ ಈ ಪರೀಕ್ಷೆಯು ಹೆರಿಗೆಯಾದ ದಿನವೇ ಮನೆಗೆ ಹೊರಡುವವರಿಗೆ ದೊರೆಯದೆ ಹೋಗುತ್ತದೆ. ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲಿ ಉಳಿಯಬೇಕೆಂದು ಸೂಚಿಸುವುದಕ್ಕೆ ಇದೂ ಒಂದು ಕಾರಣ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಹಜ ಹೆರಿಗೆಗೆ 3 ದಿನ ಹಾಗೂ ಶಸ್ತ್ರಚಿಕಿತ್ಸೆಯ ಹೆರಿಗೆಗೆ 7 ದಿನಗಳವರೆಗೆ ಉಚಿತ ಆಹಾರ ನೀಡಲು ಅವಕಾಶವಿರುವುದರಿಂದ ಖರ್ಚಿನ ಕಾರಣಕ್ಕೆ ಅವಸರದಿಂದ ಹೊರಡಬೇಕಾಗಿಲ್ಲ.

ಈ ಕೆಳಗಿನ ಸಂದರ್ಭಗಳಲ್ಲಿ ಶಿಶು ಆರೋಗ್ಯವಾಗಿಯೇ ಕಂಡರೂ ಎಕೋ ಮಾಡಿಸುವಂತೆ ವೈದ್ಯರು ಸೂಚಿಸಬಹುದು: ತಂದೆ, ತಾಯಿ ಅಥವಾ ಮೊದಲ ಮಗುವಿಗೆ ಹುಟ್ಟಿನಿಂದಲೇ ಹೃದಯ ದೋಷವಿದ್ದಲ್ಲಿ, ಗರ್ಭಿಣಿಯಾಗುವ ಮೊದಲೇ ತಾಯಿಗೆ ಸಕ್ಕರೆ ಕಾಯಿಲೆ ಇದ್ದಲ್ಲಿ, ಗರ್ಭಾವಸ್ಥೆಯ ಆರಂಭದಲ್ಲಿ ರುಬೆಲ್ಲಾ ತಗುಲಿದ್ದಲ್ಲಿ, ಡೌನ್ ಸಿಂಡ್ರೋಮ್ ಮುಂತಾದ ಲಕ್ಷಣಗಳಿದ್ದಲ್ಲಿ, ಎದೆಯಲ್ಲಿ ಮರ್ಮರ್ ಶಬ್ದ ಕೇಳಿದಲ್ಲಿ ಅಥವಾ ತೊಡೆಸಂದಿಯ ನಾಡಿ ಕ್ಷೀಣವಾಗಿದ್ದಲ್ಲಿ. ಸಕ್ಕರೆ ಕಾಯಿಲೆಯಿರುವ ತಾಯಂದಿರ ಶಿಶುಗಳಲ್ಲಿ ಹೃದಯದ ನಡುಗೋಡೆ ದಪ್ಪವಾಗಿರುವುದುಂಟು. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಅದು ಸರಿಹೋಗುತ್ತದೆ. ಈ ಭಾಗದಲ್ಲಿ ಸೋದರಮಾವ ಅಥವಾ ಅತ್ತೆಯ ಮಗನೊಂದಿಗೆ ಮದುವೆಯಾಗುವ ಪದ್ಧತಿ ಇನ್ನೂ ಇದೆ. ರಕ್ತಸಂಬಂಧದ ಮದುವೆಯಲ್ಲಿ ಹೃದಯ ದೋಷದ ಸಂಭವ ಹೆಚ್ಚಿರುವುದರಿಂದ, ಈ ವಿಷಯವನ್ನು ಸಂಕೋಚಪಡದೆ ವೈದ್ಯರಿಗೆ ತಿಳಿಸಬೇಕು.

ವರದಿ ಸರಿಯಿದ್ದರೂ ವಹಿಸಬೇಕಾದ ಎಚ್ಚರಿಕೆ

ಕೆಲವು ದೋಷಗಳು ನಾಳ ತೆರೆದಿರುವವರೆಗೆ ಮರೆಯಾಗಿರುತ್ತವೆ. ಮಹಾಪಧಮನಿ ಕಿರಿದಾಗಿರುವ ಶಿಶುವಿನ ಕೆಳಭಾಗಕ್ಕೆ ನಾಳದ ಮೂಲಕವೇ ರಕ್ತ ದೊರೆಯುತ್ತಿರಬಹುದು. ನಾಲ್ಕನೆಯ ದಿನವೋ ಹತ್ತನೆಯ ದಿನವೋ ನಾಳ ಮುಚ್ಚಿದಾಗ ಕಾಲುಗಳು ತಣ್ಣಗಾಗಿ, ಕೂಸು ಮಂಕಾಗುತ್ತದೆ. ಪಲ್ಸ್ ಆಕ್ಸಿಮೀಟರ್ ಕೂಡ ಇಂತಹ ಎಲ್ಲಾ ಪ್ರಕರಣಗಳನ್ನು ಹಿಡಿಯುವುದಿಲ್ಲ.

ಆದಕಾರಣ ಮನೆಗೆ ಬಂದ ನಂತರ ಹಾಲು ಕುಡಿಯುವಾಗ ಮತ್ತೆ ಮತ್ತೆ ಬಿಟ್ಟು ದಣಿಯುವುದು, ಮಲಗಿರುವಾಗಲೂ ನಿಮಿಷಕ್ಕೆ 60 ಕ್ಕಿಂತ ಹೆಚ್ಚು ಉಸಿರು, ನಾಲಿಗೆ ಮತ್ತು ಒಸಡು ನೀಲಿಯಾಗುವುದು, ತಣ್ಣನೆಯ ಕಾಲು, ತೂಕ ಏರದಿರುವುದು ಇವುಗಳಲ್ಲಿ ಯಾವುದೇ ಲಕ್ಷಣ ಕಂಡರೂ ವಿಳಂಬ ಮಾಡಬಾರದು. ಮೊದಲ ಒಂದೆರಡು ದಿನ ಅಂಗೈ ಅಂಗಾಲು ಮಾತ್ರ ನೀಲಿಯಾಗಿರುವುದು ಸಹಜ. ಕಪ್ಪು ಮೈಬಣ್ಣದ ಶಿಶುಗಳಲ್ಲಿ ತುಟಿಯ ಬಣ್ಣದಿಂದ ನಿರ್ಧರಿಸದೆ ನಾಲಿಗೆಯನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮೀರುವ ಈ ಜಿಲ್ಲೆಯಲ್ಲಿ ಕೂಸು ಬೆವರುವುದನ್ನು ಬಿಸಿಲಿನ ಪರಿಣಾಮವೆಂದು ಬಿಡಲಾಗುತ್ತದೆ. ಆದರೆ ಹಾಲು ಕುಡಿಯುವಾಗ ಮಾತ್ರ ಹಣೆಯಲ್ಲಿ ಬೆವರು ಮೂಡುತ್ತಿದ್ದರೆ ಅದು ಬಿಸಿಲಿನಿಂದಲ್ಲ, ಶ್ರಮದಿಂದ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಶಿಶುವಿನ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42 ನೇ ದಿನಗಳಂದು ಭೇಟಿ ನೀಡುತ್ತಾರೆ. ಬಾಣಂತನಕ್ಕೆ ತವರುಮನೆಗೆ ಹೋಗುವವರು ಅಲ್ಲಿಯ ಆಶಾ ಕಾರ್ಯಕರ್ತೆಗೆ ಮುಂಚಿತವಾಗಿ ತಿಳಿಸದಿದ್ದಲ್ಲಿ ಈ ಭೇಟಿಗಳು ಎರಡೂ ಊರುಗಳಲ್ಲಿ ತಪ್ಪಿಹೋಗುತ್ತವೆ.

ಸೇವೆಯನ್ನು ಪಡೆಯುವ ಕ್ರಮ

ಮೊದಲು ಸಿಂಧನೂರು ಅಥವಾ ಲಿಂಗಸುಗೂರಿನ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ಮಕ್ಕಳ ತಜ್ಞರಿಗೆ ಶಿಶುವನ್ನು ತೋರಿಸತಕ್ಕದ್ದು. 2017-18 ನೇ ಸಾಲಿನ ಆಯವ್ಯಯದಲ್ಲಿ ಘೋಷಣೆಯಾಗಿ ರಚನೆಯಾದ ಮಸ್ಕಿ ತಾಲ್ಲೂಕಿನವರು ತಮಗೆ ಹತ್ತಿರವಾಗುವ ಈ ಎರಡರಲ್ಲಿ ಯಾವುದಾದರೂ ಆಸ್ಪತ್ರೆಗೆ ಹೋಗಬಹುದು. ಅಗತ್ಯವಿದ್ದಲ್ಲಿ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಗೆ, ಅಂದರೆ ರಿಮ್ಸ್‌ಗೆ, ಶಿಫಾರಸು ಪತ್ರ ನೀಡಲಾಗುತ್ತದೆ. ಹೃದ್ರೋಗದ ಉನ್ನತ ಚಿಕಿತ್ಸೆಗೆ ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆಯು ಬೆಂಗಳೂರು, ಮೈಸೂರು ಹಾಗೂ ಕಲಬುರಗಿಯಲ್ಲಿ ಆಸ್ಪತ್ರೆಗಳನ್ನು ಹೊಂದಿದೆ. ತುರ್ತು ಸಂದರ್ಭದಲ್ಲಿ ಪತ್ರಕ್ಕಾಗಿ ಕಾಯದೆ 108 ಆಂಬ್ಯುಲೆನ್ಸ್‌ಗೆ ಕರೆ ಮಾಡಬೇಕು. ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ನದಿಯ ನಡುಗಡ್ಡೆಗಳ ನಿವಾಸಿಗಳು, ನದಿ ತುಂಬಿದಾಗ ಶೀಲಹಳ್ಳಿ ಸೇತುವೆ ಮುಳುಗುವುದನ್ನು ಗಮನದಲ್ಲಿರಿಸಿ, ಮಳೆಗಾಲದಲ್ಲಿ ಹೆರಿಗೆಯ ದಿನ ಹಾಗೂ ನಂತರದ ಮರುತಪಾಸಣೆಯ ದಿನಗಳಿಗೆ ಮೊದಲೇ ಈಚೆಯ ದಡದ ಊರಿನಲ್ಲಿ ಉಳಿದುಕೊಳ್ಳುವ ವ್ಯವಸ್ಥೆ ಮಾಡಿಕೊಳ್ಳುವುದು ಸೂಕ್ತ.

2011 ರಲ್ಲಿ ಪ್ರಾರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅನಾರೋಗ್ಯದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ, ರಕ್ತ ಮತ್ತು ಸಾಗಣೆ ಉಚಿತ. 2013 ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಮಾಡಲಾಗುತ್ತಿದ್ದು, ಜನ್ಮಜಾತ ಹೃದಯ ದೋಷವು ಅದರ ಪಟ್ಟಿಯಲ್ಲಿದೆ. ಚಿಕಿತ್ಸೆ ಅಥವಾ ಶಸ್ತ್ರಚಿಕಿತ್ಸೆ ಅಗತ್ಯವಾದಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗಿನ ಸೌಲಭ್ಯವಿದೆ. ಇದು ನಗದುರಹಿತ ಯೋಜನೆ. ಪೋಷಕರು ತಮ್ಮ ಇಚ್ಛೆಯಿಂದ ಖಾಸಗಿಯಾಗಿ ಮಾಡಿಸಿದ ಪರೀಕ್ಷೆಯ ರಸೀದಿಯನ್ನು ತಂದು ಹಣ ಮರುಪಾವತಿ ಕೋರಲು ಇದರಲ್ಲಿ ಅವಕಾಶವಿಲ್ಲ. ಈ ಕಾರಣದಿಂದ ಶಿಫಾರಸು ಪತ್ರ ಮೊದಲು, ಪರೀಕ್ಷೆ ನಂತರ ಎಂಬ ಕ್ರಮವನ್ನು ಅನುಸರಿಸಬೇಕು.

ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್, ಬಿಡುಗಡೆ ಪತ್ರ, ಪಡಿತರ ಚೀಟಿ, ತಂದೆ ತಾಯಿಯ ಆಧಾರ್ ಹಾಗೂ ಹಿಂದಿನ ಎಕೋ ವರದಿಗಳಿದ್ದರೆ ಅವುಗಳ ಮೂಲ ಪ್ರತಿಯನ್ನು ಒಯ್ಯಬೇಕು. ಜನನವನ್ನು 21 ದಿನಗಳೊಳಗೆ ನೋಂದಾಯಿಸತಕ್ಕದ್ದು. ಶಿಶುವಿನ ಹೆಸರು ಪಡಿತರ ಚೀಟಿಯಲ್ಲಿ ಇನ್ನೂ ಸೇರಿಲ್ಲವೆಂಬ ಕಾರಣಕ್ಕೆ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು. ಜನನ ದಾಖಲೆಯೊಂದಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಭೇಟಿ ಮಾಡಬೇಕು.

ಪ್ರಸವ ಪೂರ್ವ ಲಿಂಗ ಪತ್ತೆಯನ್ನು ನಿಷೇಧಿಸುವ 1994 ರ ಕಾಯ್ದೆಯಡಿ ಗರ್ಭಿಣಿಯರ ಸ್ಕ್ಯಾನಿಂಗ್‌ಗೆ ಭರ್ತಿ ಮಾಡುವ ‘ಎಫ್’ ನಮೂನೆಯು ಜನಿಸಿದ ಶಿಶುವಿನ ಎಕೋ ಪರೀಕ್ಷೆಗೆ ಅನ್ವಯಿಸುವುದಿಲ್ಲ.

ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳ ಗಮನಕ್ಕೆ

ಪುನರ್ ಪರೀಕ್ಷೆಗೆ ಆರು ವಾರ ಅಥವಾ ಆರು ತಿಂಗಳ ದಿನಾಂಕ ಪಡೆದ ಕುಟುಂಬವು ಆ ಹೊತ್ತಿಗೆ ಬೆಂಗಳೂರಿನಲ್ಲೋ ಬೇರೆ ರಾಜ್ಯದಲ್ಲೋ ಇರುವುದು ಈ ಮೂರು ತಾಲ್ಲೂಕುಗಳಲ್ಲಿ ಹೊಸತಲ್ಲ. ಚಿಕ್ಕ ರಂಧ್ರ ಮುಚ್ಚಿತೇ ಎಂದು ನೋಡದೆ ಉಳಿದುಹೋಗುವುದು ಹೀಗೆಯೇ. ಊರು ಬಿಡುವ ಮೊದಲು ವರದಿಯ ನಕಲನ್ನು ತಾಯಿ ಕಾರ್ಡಿನೊಳಗೆ ಇರಿಸಿಕೊಂಡು, ಯಾವ ಅಳತೆಯನ್ನು ಪುನಃ ನೋಡಬೇಕೆಂಬುದನ್ನು ವೈದ್ಯರಿಂದ ಒಂದು ಸಾಲಿನಲ್ಲಿ ಬರೆಯಿಸಿಕೊಂಡರೆ, ಮರುತಪಾಸಣೆಯನ್ನು ಇರುವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಬಹುದು. ಮೊಬೈಲಿನಲ್ಲಿ ವರದಿಯ ಚಿತ್ರ ತೆಗೆದಿರಿಸಿಕೊಳ್ಳುವುದೂ ಉಪಯುಕ್ತ.

ಹೆಚ್ಚಿನ ಮಾಹಿತಿಗಾಗಿ: ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು, ಸಂಬಂಧಪಟ್ಟ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಛೇರಿ ಅಥವಾ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಛೇರಿ, ರಾಯಚೂರು.